ಟ್ರೊಮ್ಸೊದಲ್ಲಿ ಫೆಬ್ರವರಿ ಮದುವೆ: ಯಾರನ್ನ ಕರೀಬೇಕು, ಯಾವಾಗ, ಏನಂತ ಬರೀಬೇಕು?

ಪ್ರಶ್ನೆ: ನಾನು, ನನ್ ಹುಡುಗ ನಾರ್ವೆಯ ಟ್ರೊಮ್ಸೊದಲ್ಲಿ ಮದುವೆ ಆಗೋದು ಅಂತ ಡಿಸೈಡ್ ಮಾಡಿದೀವಿ, ಫೆಬ್ರವರಿ ಎರಡನೇ ವಾರ, ಇನ್ನೂ 13 ತಿಂಗಳಿದೆ. ಲಿಸ್ಟಲ್ಲಿ 60 ಜನ, ಬೇರೆ ಬೇರೆ ದೇಶದಲ್ಲಿರೋರು. ಇನ್ವಿಟೇಷನ್ ಯಾವಾಗ ಕಳಿಸ್ಬೇಕು, ಏನೇನ್ ಬರೀಬೇಕು, ಖರ್ಚಿನ ವಿಷಯ ಹೇಗೆ ಹೇಳೋದು? ಬರಲ್ಲ ಅಂತ ಗೊತ್ತಿರೋರನ್ನೂ ಕರೀಬೇಕಾ? ಅಮ್ಮ ಎಲ್ರನ್ನೂ ಕರಿ ಅಂತಾರೆ. 82 ವರ್ಷದ ಅಜ್ಜಿ ಬೇರೆ ನಾನು ಬಂದೇ ಬರ್ತೀನಿ ಅಂತ ಕೂತಿದಾರೆ.

ಉತ್ತರ: 13 ತಿಂಗಳಿದೆ ಅಂದ್ರಲ್ಲ, ಅದೇ ದೊಡ್ಡ ಸಮಾಧಾನ. ನನ್ ಹತ್ರ ಬರೋರಲ್ಲಿ ಸುಮಾರು ಜನ ನಾಲ್ಕು ತಿಂಗಳಿರುವಾಗ ಬರ್ತಾರೆ, ಆಗ ಹೋಟೆಲ್ ರೂಮೂ ಇರಲ್ಲ ವೀಸಾ ಅಪಾಯಿಂಟ್‌ಮೆಂಟೂ ಸಿಗಲ್ಲ, ನಾನು ಮಾಡಿಕೊಡೋದು ಏನಿದ್ರೂ ನೆಂಟರಿಗೆಲ್ಲ ಸಾರಿ ಹೇಳೋ ಮೆಸೇಜ್ ಅಷ್ಟೇ.

ಬರಲ್ಲ ಅಂತ ಗೊತ್ತಿರೋರನ್ನ ಕರೀಬೇಕಾ ಅನ್ನೋದನ್ನ ಮೊದ್ಲು ತಗೋತೀನಿ, ಉಳಿದಿದ್ದೆಲ್ಲ ಅದರ ಮೇಲೇ ನಿಂತಿರೋದು. ನೋಡಿ, ಊರಲ್ಲೇ ಮದುವೆ ಆದ್ರೆ ಕರೆಯೋದಕ್ಕೂ ಬರೋದಕ್ಕೂ ನಡುವೆ ಅಂತರ ಕಮ್ಮಿ, ಬಂದ್ರು ಊಟ ಮಾಡಿದ್ರು ಹೋದ್ರು. ಆರ್ಕ್ಟಿಕ್ ಸರ್ಕಲ್ಲಿಗಿಂತ ಸುಮಾರು 350 ಕಿಲೋಮೀಟರ್ ಮೇಲಿರೋ ಊರಿಗೆ ಕರೆದ್ರೆ ಹಾಗಲ್ಲ, ನೀವು ಒಬ್ಬರ ಹತ್ರ ಅವರ ಒಂದು ವಾರದ ರಜೆ, ಒಂದಿಷ್ಟು ಸೇವಿಂಗ್ಸ್, ಮೈಯಲ್ಲಿರೋ ಶಕ್ತಿ ಮೂರನ್ನೂ ಕೇಳ್ತಿದೀರ. ಹಂಗಾಗಿ ಇಲ್ಲಿ ಇನ್ವಿಟೇಷನ್ ಅಂದ್ರೆ ಬನ್ನಿ ಅಂತ ಹೇಳೋದಷ್ಟೇ ಅಲ್ಲ, ಬರಕ್ಕಾಗಲ್ಲ ಅಂತ ಮುಜುಗರ ಇಲ್ದೆ ಹೇಳೋಕೆ ಅವರಿಗೆ ಬೇಕಾದಷ್ಟು ಮಾಹಿತಿನೂ ಟೈಮೂ ಕೊಡೋದು. ಅದನ್ನ ಮುಚ್ಚಿಟ್ಟು ಬರೀ ನಕ್ಷತ್ರ, ಹಿಮ, ಹಸಿರು ಬೆಳಕಿನ ಫೋಟೋ ಹಾಕಿ ಕಾರ್ಡ್ ಕಳಿಸಿದ್ರೆ ಜನ ಮೊದ್ಲು ವಾವ್ ಅಂತಾರೆ, ಆಮೇಲೆ ಟಿಕೆಟ್ ರೇಟ್ ನೋಡ್ತಾರೆ, ಆಮೇಲೆ ಉತ್ತರಾನೇ ಬರಲ್ಲ. ನೀವು ಫೋನ್ ಮಾಡಿದ್ರೆ ಎತ್ತಲ್ಲ.

ಅದಕ್ಕೇ ನನ್ನ ರೂಲ್ ಒಂದೇ, ಬರಲ್ಲ ಅಂತ ಲೆಕ್ಕ ಹಾಕಿ ಯಾರನ್ನೂ ಕರೀಬೇಡಿ. 60ರಲ್ಲಿ 25 ಜನ ಡ್ರಾಪ್ ಆಗ್ತಾರೆ ಬಿಡಿ ಅಂತ 35 ಜನಕ್ಕೆ ಜಾಗ ಇರೋ ಹಾಲ್ ಬುಕ್ ಮಾಡಿದ ಒಂದು ಜೋಡಿ ನನಗೆ ಗೊತ್ತು, ಅವರ ಲಿಸ್ಟಲ್ಲಿ ಇವರಂತೂ ಬರೋದೇ ಇಲ್ಲ ಅಂತ ಅಂದ್ಕೊಂಡಿದ್ದ ಒಬ್ಬ ದೊಡ್ಡಪ್ಪ ಎಲ್ಲರಿಗಿಂತ ಮೊದ್ಲು ಟಿಕೆಟ್ ಮಾಡಿಸಿ ಸ್ಕ್ರೀನ್‌ಶಾಟ್ ಫ್ಯಾಮಿಲಿ ಗ್ರೂಪಲ್ಲಿ ಹಾಕಿದ್ರು, ಅದನ್ನ ನೋಡಿ ಅವರ ತಮ್ಮಂದಿರು ಮೂರು ಜನ ಹೊರಟ್ರು, ಕೊನೆಗೆ 52 ಜನ. ಹಾಲ್ ಚೇಂಜ್ ಮಾಡೋಷ್ಟ್ರಲ್ಲಿ ಹುಡುಗಿ ಅತ್ತುಬಿಟ್ಲು. ಲಿಸ್ಟಲ್ಲಿರೋ ಪ್ರತಿ ಹೆಸರಿನ ಮುಂದೆ ಒಂದೇ ಪ್ರಶ್ನೆ ಕೇಳಿಕೊಳ್ಳಿ, ಇವರು ನಾಳೆ ಫೋನ್ ಮಾಡಿ ಬರ್ತೀನಿ ಅಂದ್ರೆ ನನಗೆ ಖುಷಿ ಆಗತ್ತಾ ಎದೆ ಧಸಕ್ ಅನ್ನತ್ತಾ? ಧಸಕ್ ಅಂದ್ರೆ ಆ ಹೆಸರು ಟ್ರೊಮ್ಸೊ ಲಿಸ್ಟಲ್ಲಿ ಬೇಡ, ವಾಪಸ್ ಬಂದ್ಮೇಲೆ ಮಾಡೋ ಊಟದ ಲಿಸ್ಟಿಗೆ ಹಾಕಿ. ಅಮ್ಮನಿಗೂ ಇದನ್ನೇ ಹೇಳಿ, ಎಲ್ರನ್ನೂ ಕರೀತೀವಮ್ಮ, ಆದ್ರೆ ಎರಡು ಕಡೆ ಕರೀತೀವಿ ಅಂತ. ಈ ಎರಡನೇ ಊಟದ ತಾರೀಖನ್ನ ಮದುವೆಗೆ ಮುಂಚೆನೇ ಫಿಕ್ಸ್ ಮಾಡಿ, ಇಲ್ಲಾಂದ್ರೆ ಅದು ಸಮಾಧಾನದ ಮಾತು ಅಂತ ಎಲ್ರಿಗೂ ಗೊತ್ತಾಗಿಬಿಡತ್ತೆ.

ಇನ್ನು ಟೈಮಿಂಗ್. ಈಗ್ಲೇ, ಈ ತಿಂಗಳೇ, ಸೇವ್ ದ ಡೇಟ್ ಕಳಿಸಿ. ತಾರೀಖು, ಊರು, ದೇಶ, ಎಷ್ಟು ದಿನ ರಜೆ ಹಾಕ್ಬೇಕು, ಇಷ್ಟು ಸಾಕು, ವಾಟ್ಸಾಪಲ್ಲೇ ಕಳಿಸಿ ಪರವಾಗಿಲ್ಲ. ಆದ್ರೆ ಅಜ್ಜಿ, ಸೋದರಮಾವ, ಚಿಕ್ಕಮ್ಮ ಇಂಥ ಹತ್ತಿರದ ಹಿರಿಯರಿಗೆ ಮೊದ್ಲು ಫೋನ್, ಆಮೇಲೆ ಮೆಸೇಜ್. ಗ್ರೂಪ್ ನೋಡಿ ಗೊತ್ತಾಯ್ತು ಅನ್ನೋ ಮಾತು ಹತ್ತು ವರ್ಷ ಕೇಳ್ಬೇಕಾಗತ್ತೆ ಇಲ್ಲಾಂದ್ರೆ. ಪೂರ್ತಿ ಡೀಟೇಲ್ಸ್ ಇರೋ ಇನ್ವಿಟೇಷನ್ ಜುಲೈ ಒಳಗೆ ಕೈಸೇರ್ಬೇಕು. ಊರಲ್ಲಿ ಮದುವೆಗೆ ಎರಡು ತಿಂಗಳು ಮುಂಚೆ ಕಾರ್ಡ್ ಹಂಚೋ ಲೆಕ್ಕ ಇಲ್ಲಿ ನಡೆಯಲ್ಲ.

ಯಾಕೆ ಜುಲೈ? ವೀಸಾ. ನಾರ್ವೆ ಯುರೋಪಿಯನ್ ಯೂನಿಯನ್ನಲ್ಲಿ ಇಲ್ಲ ಆದ್ರೆ ಶೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪು) ಒಳಗಿದೆ, ವೀಸಾ ಬೇಕಾದ ಪಾಸ್‌ಪೋರ್ಟ್ ಇರೋರು ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕ್ಬಹುದು, ಕೊನೇಪಕ್ಷ 15 ದಿನ ಮುಂಚೆ ಹಾಕಿರ್ಲೇಬೇಕು. ಅಂದ್ರೆ ನಿಮ್ಮ ಗೆಸ್ಟ್‌ಗಳಿಗೆ ಆಗಸ್ಟಲ್ಲಿ ಬಾಗಿಲು ತೆರೆಯತ್ತೆ. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಅವರಿಗೆ ಇನ್ನೂ ಏನೋ ನೋಡ್ಬೇಕು ಅನ್ಸಿದ್ರೆ 45 ದಿನದ ತನಕ ಎಳೀಬಹುದು, ಡಿಸೆಂಬರ್ ರಜೆ ನಡುವೆ ಬಂದ್ರೆ ಅಪಾಯಿಂಟ್‌ಮೆಂಟೇ ಸಿಗೋದು ಕಷ್ಟ, ಹಾಗಾಗಿ ಸೆಪ್ಟೆಂಬರ್ ಅಕ್ಟೋಬರಲ್ಲಿ ಮುಗಿಸಿಬಿಡಿ ಅಂತ ಕಾರ್ಡಲ್ಲೇ ಬರೀರಿ. ದೊಡ್ಡೋರಿಗೆ ಫೀಸ್ 90 ಯೂರೋ (2024ರ ಜೂನಿಂದ ಇದು), 6ರಿಂದ 12 ವರ್ಷದ ಮಕ್ಕಳಿಗೆ 45, ಜೊತೆಗೆ ಕನಿಷ್ಠ 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್. ಪಾಸ್‌ಪೋರ್ಟ್ ಇಶ್ಯೂ ಆಗಿ 10 ವರ್ಷ ದಾಟಿರಬಾರದು, ಶೆಂಗೆನ್ ಬಿಟ್ಟು ಹೊರಡೋ ದಿನದಿಂದ 3 ತಿಂಗಳಾದ್ರೂ ವ್ಯಾಲಿಡಿಟಿ ಇರ್ಬೇಕು.

ಇಲ್ಲೊಂದು ಕಡೆ ಬಹಳ ಜನ ಎಡವ್ತಾರೆ. ಅಷ್ಟು ದೂರ ಹೋಗ್ತೀವಿ ಅಂತ ಗೆಸ್ಟ್‌ಗಳು ಪ್ಯಾರಿಸ್, ರೋಮ್ ಎಲ್ಲಾ ಸೇರಿಸಿ ಪ್ಲಾನ್ ಮಾಡ್ತಾರೆ, ಅದು ಸಹಜ. ಆದ್ರೆ ಮುಖ್ಯ ಗಮ್ಯ ಯಾವ ದೇಶನೋ ಅಲ್ಲಿಗೇ ಅರ್ಜಿ ಹಾಕ್ಬೇಕು ಅನ್ನೋದು ನಿಯಮ. ನಾರ್ವೇಲಿ ಮೂರು ದಿನ ಇದ್ದು ಇಟಲಿಲಿ ಹತ್ತು ದಿನ ಸುತ್ತೋ ಚಿಕ್ಕಪ್ಪ ನಿಮ್ಮ ಕಾರ್ಡ್ ಇಟ್ಕೊಂಡು ನಾರ್ವೆ ಕೌಂಟರಿಗೆ ಹೋದ್ರೆ ಅಲ್ಲಿ ನಮ್ಮದಲ್ಲ ಅಂತ ಹೇಳೋ ಸಾಧ್ಯತೆ ಇದೆ. ಇನ್ನೊಂದು, ಬಂಗಾರದ ಬಣ್ಣದ ಮದುವೆ ಕಾರ್ಡ್ ಬೇರೆ, ವೀಸಾಗೆ ಕೊಡೋ ಇನ್ವಿಟೇಷನ್ ಲೆಟರ್ ಬೇರೆ. ಲೆಟರಲ್ಲಿ ಗೆಸ್ಟ್ ಹೆಸರು ಪಾಸ್‌ಪೋರ್ಟಲ್ಲಿರೋ ಹಾಗೇ, ನಿಮಗೆ ಏನಾಗ್ಬೇಕು, ಯಾವ ತಾರೀಖಿಂದ ಯಾವ ತಾರೀಖು, ಎಲ್ಲಿ ಉಳ್ಕೋತಾರೆ, ಯಾವ ಖರ್ಚು ಯಾರದ್ದು, ನಿಮ್ಮ ಸಹಿ. ಒಂದು ಪುಟ ಸಾಕು. ಹೆಸರಿನ ಇನಿಶಿಯಲ್ ತಪ್ಪಾಗಿ ವಾಪಸ್ ಬರೆಸಿಕೊಂಡೋರು ಎಷ್ಟೋ ಜನ, ಅದಕ್ಕೇ ಪಾಸ್‌ಪೋರ್ಟ್ ಫೋಟೋ ತರಿಸ್ಕೊಂಡು ನೋಡಿನೇ ಟೈಪ್ ಮಾಡಿ.

ಈಗ ಇನ್ವಿಟೇಷನಲ್ಲಿ ಏನು ಬರೀಬೇಕು. ಮೊದ್ಲು ಏನು ಬರೀಬಾರ್ದು ಅಂತ ಹೇಳ್ತೀನಿ: "ನಾರ್ದರ್ನ್ ಲೈಟ್ಸ್ ಕೆಳಗೆ ನಮ್ಮ ಮದುವೆ". ದಯವಿಟ್ಟು ಬೇಡ. ಟ್ರೊಮ್ಸೊ ಅರೋರಾ (ನಾರ್ದರ್ನ್ ಲೈಟ್ಸ್ ಅಂದ್ರೂ ಅದೇ, ರಾತ್ರಿ ಆಕಾಶದಲ್ಲಿ ಕಾಣೋ ಹಸಿರು ಬೆಳಕು) ಪಟ್ಟಿಯ ಕೆಳಗೇ ಇದೆ, ಫೆಬ್ರವರಿ ಒಳ್ಳೇ ತಿಂಗಳೇ, ಎಲ್ಲಾ ನಿಜ, ಆದ್ರೆ ಅದು ಕಾಣ್ಬೇಕಾದ್ರೆ ಕತ್ತಲೆ ಜೊತೆ ಮೋಡ ಇಲ್ಲದ ಆಕಾಶನೂ ಬೇಕು, ಸಮುದ್ರದ ಪಕ್ಕದ ಊರಲ್ಲಿ ಮೋಡಕ್ಕೇನು ಕಮ್ಮಿ. ಅಲ್ಲಿನ ಟೂರ್ ಡ್ರೈವರ್‌ಗಳೇ ತೆರೆದ ಆಕಾಶ ಹುಡುಕ್ಕೊಂಡು ಫಿನ್ಲೆಂಡ್ ಗಡಿ ತನಕ ವ್ಯಾನ್ ಓಡಿಸ್ತಾರೆ. ನಾಲ್ಕು ರಾತ್ರಿ ಇದ್ದು ಒಂದು ಗೆರೆನೂ ಕಾಣದೆ ವಾಪಸ್ ಹೋದೋರು ಇದಾರೆ, ಏರ್‌ಪೋರ್ಟಿಂದ ಹೋಟೆಲಿಗೆ ಬರೋ ಬಸ್ಸಲ್ಲೇ ನೋಡಿದೋರೂ ಇದಾರೆ. ಕಂಡ್ರೆ ನಮ್ಮ ಅದೃಷ್ಟ ಅಂತ ಬರೀರಿ, ಅಷ್ಟೇ. ಹಾಗೇ ತಿಮಿಂಗಿಲ ನೋಡ್ಬಹುದು ಅಂತನೂ ಬರೀಬೇಡಿ, ಆ ಸೀಸನ್ ಜನವರಿ ಕೊನೆಗೇ ಮುಗಿಯತ್ತೆ.

ಬೆಳಕಿನ ವಿಷಯ ಮಾತ್ರ ಖಂಡಿತ ಬರೀರಿ. ಆರ್ಕ್ಟಿಕ್ ಅಂದ ತಕ್ಷಣ ನೆಂಟರ ತಲೇಲಿ 24 ಗಂಟೆ ಕತ್ತಲೆ ಅಂತ ಇರತ್ತೆ, ಹೆದರ್ತಾರೆ. ಅಲ್ಲಿ ಸೂರ್ಯ ಮೇಲೇ ಬರದ ಕಾಲ ನವೆಂಬರ್ ಕೊನೆಯಿಂದ ಜನವರಿ ಮಧ್ಯದ ತನಕ, ನಿಮ್ಮ ಫೆಬ್ರವರಿ ಎರಡನೇ ವಾರಕ್ಕೆ ಬೆಳಗ್ಗೆ ಎಂಟೂವರೆ ಆಸುಪಾಸಲ್ಲಿ ಹುಟ್ಟಿ ಮಧ್ಯಾಹ್ನ ಮೂರೂವರೆ ಒಳಗೆ ಮುಳುಗ್ತಾನೆ, ಹೆಚ್ಚುಕಮ್ಮಿ ಏಳು ಗಂಟೆ ಹಗಲು, ಅದರ ಹಿಂದೆ ಮುಂದೆ ನೀಲಿ ಬೆಳಕು ಬಹಳ ಹೊತ್ತು. ಫೋಟೋಗ್ರಾಫರ್‌ಗಳು ಅದಕ್ಕೇ ಸಾಯ್ತಾರೆ. ಚಳಿನೂ ಜನ ಅಂದ್ಕೊಂಡಷ್ಟಿಲ್ಲ, ಬೆಚ್ಚಗಿನ ಸಮುದ್ರ ಪ್ರವಾಹ ಪಕ್ಕದಲ್ಲೇ ಹರಿಯೋದ್ರಿಂದ ಊರೊಳಗೆ ಫೆಬ್ರವರಿ ಸರಾಸರಿ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ. ಒಳನಾಡಿಗೆ ಹೋದ್ರೆ ಮೈನಸ್ 30 ಆಗ್ಬಹುದು, ಅದು ನಾಯಿ ಬಂಡಿ ಹತ್ತೋರ ಪಾಡು.

ನಿಜವಾದ ಶತ್ರು ಚಳಿ ಅಲ್ಲ, ನೆಲ. ಹಗಲು ಸ್ವಲ್ಪ ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿ ಫುಟ್‌ಪಾತ್ ಗಾಜಿನ ಹಾಗಾಗಿರತ್ತೆ. ಅಲ್ಲಿನೋರು ಶೂ ಅಡಿಗೆ ಬ್ರೋಡ್ಡರ್ ಅಂತ ಹಾಕ್ಕೋತಾರೆ, ರಬ್ಬರ್ ಪಟ್ಟಿಗೆ ಸಣ್ಣ ಸಣ್ಣ ಕಬ್ಬಿಣದ ಮುಳ್ಳು. ಒಳಗೆ ಹೋಗುವಾಗ ಬಿಚ್ಚಬೇಕು, ಇಲ್ಲಾಂದ್ರೆ ಮರದ ನೆಲ ಹಾಳಾಗತ್ತೆ, ಟೈಲ್ಸ್ ಮೇಲೆ ಅದೇ ಜಾರತ್ತೆ. ನಾನು ಮೊದ್ಲು ನೋಡ್ಕೊಂಡ ಮದುವೇಲಿ ಕಾರ್ಡಲ್ಲಿ 1 ಗಂಟೆ ಅಂತ ಹಾಕಿದ್ವಿ, 1 ಗಂಟೆಗೆ ಎಲ್ರೂ ಬಂದೂ ಇದ್ರು, ಆದ್ರೆ ಬಾಗಿಲ ಹತ್ರ ಒಂದೇ ಒಂದು ಬೆಂಚು, 45 ಜನ ಒಬ್ಬೊಬ್ಬರಾಗಿ ಕೂತು ಮುಳ್ಳು ಬಿಚ್ಚಿ, ಬೂಟ್ಸ್ ಬಿಚ್ಚಿ, ಚೀಲದಿಂದ ಮದುವೆ ಶೂ ತೆಗೆದು ಹಾಕ್ಕೊಂಡು, ಕೋಟು ಎಲ್ಲಿಡೋದು ಅಂತ ಕೇಳಿ, ಕನ್ನಡಕದ ಆವಿ ಒರೆಸ್ಕೊಂಡು ಒಳಗೆ ಬರೋಷ್ಟ್ರಲ್ಲಿ ಗಂಟೆ 1:35. ಮದುಮಗ ಒಬ್ಬನೇ ಮುಂದೆ ನಿಂತಿದ್ದ ಪಾಪ. ಅವತ್ತಿಂದ ಕಾರ್ಡಲ್ಲಿ ಎರಡು ಟೈಮ್ ಹಾಕಿಸ್ತೀನಿ: ಬಾಗಿಲು 12:15, ಶಾಸ್ತ್ರ 1:00. ಆರು ಕುರ್ಚಿ ಬಾಗಿಲಲ್ಲಿ.

ಜಾಗ ಯಾವುದು ಅಂತ ನೀವು ಹೇಳಿಲ್ಲ. ಆರ್ಕ್ಟಿಕ್ ಕೆಥೆಡ್ರಲ್ ಅಂತ ಕರೆಯೋ 1965ರ ಆ ತ್ರಿಕೋನದ ಬಿಳಿ ಚರ್ಚಾದ್ರೆ ಅದು ಊರಿರೋ ದ್ವೀಪದಲ್ಲಿಲ್ಲ, ಸೇತುವೆ ಆಚೆ. ಸೇತುವೆ ಉದ್ದ 1036 ಮೀಟರ್, ಮ್ಯಾಪಲ್ಲಿ ಎರಡು ಇಂಚು ಕಾಣತ್ತೆ ಅಂತ ಮದುವೆ ಬಟ್ಟೇಲಿ ನಡ್ಕೊಂಡು ಹೊರಡೋರು ಇರ್ತಾರೆ, ಮೇಲೆ ಗಾಳಿ ಹೊಡೆತ ಗೊತ್ತಾಗೋದು ನಡುವೆ ಹೋದ್ಮೇಲೆ. ಬಸ್ ಮಾಡಿಸಿ, ಬಸ್ ಟೈಮ್ ಕಾರ್ಡಲ್ಲಿ ಹಾಕಿ. ಊರ ಮಧ್ಯದ 1861ರ ಮರದ ಕೆಥೆಡ್ರಲ್ ಆದ್ರೆ ಈ ತಲೆನೋವಿಲ್ಲ.

ಬಟ್ಟೆ ಬಗ್ಗೆ ಒಂದು ಪ್ಯಾರಾ ಸಾಕು. ಒಳಗೆ ಹೀಟಿಂಗ್ ಇರೋದ್ರಿಂದ ಯಾವ ಮದುವೆ ಬಟ್ಟೆನಾದ್ರೂ ಹಾಕ್ಬಹುದು, ಹೊರಗೆ ಫೋಟೋಗೆ 15 ನಿಮಿಷ ಅಂತ ಮುಂಚೆನೇ ತಿಳಿಸಿ, ಮೈಗಂಟಿ ಕೂರೋ ಉಣ್ಣೆಯ ಒಳಬಟ್ಟೆ ತರೋಕೆ ಹೇಳಿ, ಹತ್ತಿ ಬೇಡ, ಬೆವರು ಹೀರ್ಕೊಂಡು ಆಮೇಲೆ ಐಸಿನ ಹಾಗೆ ಮೈಗೆ ಅಂಟ್ಕೊಳತ್ತೆ. ದಪ್ಪ ಜಾಕೆಟ್ ಹೊಸದು ಕೊಳ್ಳೋ ಅಗತ್ಯ ಇಲ್ಲ, ಬಾಡಿಗೆಗೆ ಸಿಗತ್ತೆ, ನಾಯಿ ಬಂಡಿ ಅಥವಾ ಅರೋರಾ ಟೂರ್ ಮಾಡಿಸೋರು ಮೇಲಂಗಿ ಬೂಟ್ಸ್ ಎಲ್ಲಾ ಅವರೇ ಕೊಡ್ತಾರೆ. ಅದಕ್ಕೇ ಉತ್ತರ ಕಳಿಸೋ ಫಾರಂನಲ್ಲಿ ವೆಜ್ಜಾ ನಾನ್‌ವೆಜ್ಜಾ ಜೊತೆ ಶೂ ಸೈಜು, ಹೈಟೂ ಕೇಳಿ. ಜನ ನಗ್ತಾರೆ, ನಗಲಿ.

ಪ್ರಯಾಣ. ಓಸ್ಲೋಯಿಂದ ಟ್ರೊಮ್ಸೊಗೆ ಫ್ಲೈಟ್ ಎರಡು ಗಂಟೆಗೂ ಒಳಗೆ, ಆದ್ರೆ ಚಳಿಗಾಲದಲ್ಲಿ ಗಾಳಿ, ಹಿಮ ಅಂತ ಲೇಟಾಗೋದು ಕ್ಯಾನ್ಸಲ್ ಆಗೋದು ಮಾಮೂಲಿ. ಮದುವೆಗೆ ಎರಡು ರಾತ್ರಿ ಮುಂಚೆ ಬನ್ನಿ ಅಂತ ಬರೀರಿ, ಒಂದು ರಾತ್ರಿ ಸಾಲಲ್ಲ. ಟಿಕೆಟ್ ಪೂರ್ತಿ ಒಂದೇ ಬುಕಿಂಗಲ್ಲಿ ಮಾಡಿಸಿ ಅಂತನೂ ಹೇಳಿ, ಬೇರೆ ಬೇರೆ ಮಾಡಿಸಿ ಮೊದಲನೇದು ಲೇಟಾದ್ರೆ ಎರಡನೇ ಏರ್‌ಲೈನಿಗೆ ಸಂಬಂಧನೇ ಇರಲ್ಲ. ನಾರ್ವೆಗೂ ಯುರೋಪಿನ ಪ್ರಯಾಣಿಕರ ಹಕ್ಕಿನ ನಿಯಮ ಅನ್ವಯಿಸತ್ತೆ, ಹವಾಮಾನದಿಂದ ಕ್ಯಾನ್ಸಲ್ ಆದ್ರೆ ಪರಿಹಾರ ದುಡ್ಡು ಸಿಗಲ್ಲ ನಿಜ, ಆದ್ರೆ ಬೇರೆ ಫ್ಲೈಟು, ಕಾಯೋವಾಗ ಊಟ, ರಾತ್ರಿ ಉಳೀಬೇಕಾದ್ರೆ ಹೋಟೆಲ್ ಏರ್‌ಲೈನೇ ನೋಡ್ಕೋಬೇಕು, ಇದು ಗೆಸ್ಟ್‌ಗಳಿಗೆ ಗೊತ್ತಿರಲ್ಲ, ಕೇಳ್ದೆ ಬೆಂಚಲ್ಲಿ ಮಲಗ್ತಾರೆ. ಮೊದಲ ಶೆಂಗೆನ್ ಏರ್‌ಪೋರ್ಟಲ್ಲಿ ಕನೆಕ್ಷನ್ನಿಗೆ ಮೂರು ಗಂಟೆ ಇಟ್ಕೊಳ್ಳಕ್ಕೆ ಹೇಳಿ, 2025ರ ಅಕ್ಟೋಬರಲ್ಲಿ ಶುರುವಾದ ಹೊಸ ವ್ಯವಸ್ಥೇಲಿ ಸೀಲ್ ಬದಲು ಫೋಟೋ, ಬೆರಳಚ್ಚು ತಗೋತಾರೆ, ಮೊದಲ ಸಲ ಹೋಗೋರಿಗೆ ಕ್ಯೂ ಉದ್ದ ಆಗ್ಬಹುದು. ಮದುವೆ ಬಟ್ಟೆ, ಮಾತ್ರೆ ಎರಡೂ ಕೈಚೀಲದಲ್ಲಿ.

ದುಡ್ಡಿನ ಮಾತು ನಿಮಗೆ ಕಷ್ಟ ಅನ್ನಿಸ್ತಿದೆ, ಅರ್ಥ ಆಗತ್ತೆ. ಆದ್ರೆ ಸುತ್ತಿ ಬಳಸಿ ಬರೆದಷ್ಟೂ ಜನ ತಮಗೆ ಬೇಕಾದ ಹಾಗೆ ಅರ್ಥ ಮಾಡ್ಕೋತಾರೆ. ಒಬ್ಬರು "ನಿಮ್ಮ ವಾಸ್ತವ್ಯದ ವ್ಯವಸ್ಥೆ ಮಾಡಲಾಗಿದೆ" ಅಂತ ಬರೆಸಿದ್ರು, ಅವರ ಅರ್ಥ ಡಿಸ್ಕೌಂಟ್ ರೇಟಲ್ಲಿ ರೂಮ್ ಹಿಡಿದಿಟ್ಟಿದೀವಿ ಅಂತ, ನೆಂಟರ ಅರ್ಥ ಫ್ರೀ ಅಂತ. ಚೆಕ್‌ಔಟ್ ಕೌಂಟರಲ್ಲಿ ಏನಾಯ್ತು ಅಂತ ಕೇಳ್ಬೇಡಿ. ನಾನಾದ್ರೆ ಹೀಗೆ ಬರೀತೀನಿ:

"ಫ್ಲೈಟ್ ಮತ್ತು ರೂಮಿನ ಖರ್ಚು ನಿಮ್ಮದು, ನೀವು ಟ್ರೊಮ್ಸೊ ಏರ್‌ಪೋರ್ಟಲ್ಲಿ ಇಳಿದ್ಮೇಲೆ ಓಡಾಟ, ಮದುವೆ ಹಿಂದಿನ ರಾತ್ರಿ ಊಟ, ಮದುವೆ ದಿನದ ಎಲ್ಲಾ ಊಟ ನಮ್ಮದು. ದೂರ, ಚಳಿ, ಖರ್ಚು ಮೂರೂ ಇದೆ ಅಂತ ನಮಗೆ ಚೆನ್ನಾಗಿ ಗೊತ್ತು, ಬರಕ್ಕಾಗಲ್ಲ ಅಂದ್ರೆ ಒಂದು ಸಾಲು ಬರೀರಿ ಸಾಕು, ಕಾರಣ ಬೇಡ, ಏಪ್ರಿಲಲ್ಲಿ ಊಟಕ್ಕೆ ಸಿಗೋಣ. ಗಿಫ್ಟ್ ಬೇಡ, ಬ್ಯಾಗಲ್ಲಿ ಆ ಜಾಗಕ್ಕೆ ಇನ್ನೊಂದು ಸ್ವೆಟರ್ ಹಾಕ್ಕೊಳಿ."

ಕಾರಣ ಬೇಡ ಅನ್ನೋ ಆ ಎರಡು ಪದ ಬಿಡ್ಬೇಡಿ. ಸಾಲ ಇರೋ ಫ್ರೆಂಡಿಗೆ, ಪ್ರೆಗ್ನೆಂಟ್ ಆಗಿ ಇನ್ನೂ ಯಾರಿಗೂ ಹೇಳದಿರೋ ಕಸಿನ್‌ಗೆ, ಯಾರಿಗೂ ಕಾಣದ ಕಾಯಿಲೆ ಇರೋ ಮಾವನಿಗೆ ಅದು ಎಷ್ಟು ದೊಡ್ಡ ಉಪಕಾರ ಅಂತ ಅವರು ಬಾಯಿಬಿಟ್ಟು ಹೇಳಲ್ಲ. ಬರಲ್ಲ ಅಂದೋರಿಗೆ ಅಯ್ಯೋ ಯಾಕೆ ಅಂತ ವಾಪಸ್ ಕೇಳಿದ್ರೆ ಮಾತ್ರ ಬರೆದಿದ್ದೆಲ್ಲ ವೇಸ್ಟ್, ಇದನ್ನ ಅಮ್ಮನಿಗೂ ಹೇಳಿಡಿ.

ಕವರ್ ಮೇಲೆ ಹೆಸರು ಒಂದೊಂದೂ ಬಿಡಿಸಿ ಬರೀರಿ. "ಮತ್ತು ಕುಟುಂಬ" ಅಂತ ಹಾಕಿದ್ರೆ ಎಷ್ಟು ಜನ ಅಂತ ನೀವು ಹೇಳಿಲ್ಲ, ಆಮೇಲೆ ಎಣಿಸೋ ಹಕ್ಕಿಲ್ಲ. ಮಕ್ಕಳು ಬರ್ಬಹುದಾ, ಜೊತೆಗೆ ಒಬ್ಬರನ್ನ ಕರ್ಕೊಂಡು ಬರ್ಬಹುದಾ ಅನ್ನೋದಕ್ಕೂ ಹೌದು ಇಲ್ಲ ಅಂತ ನೇರ ಉತ್ತರ ಅಲ್ಲೇ.

ಹೋಟೆಲ್. ಫೆಬ್ರವರಿ ಅಲ್ಲಿ ಟೂರಿಸ್ಟ್ ಸೀಸನ್, ಫೆಬ್ರವರಿ 6 ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ರಾಷ್ಟ್ರೀಯ ದಿನ, ಅದರ ಸುತ್ತ ಊರ ಮುಖ್ಯ ಬೀದಿಲೇ ಹಿಮಸಾರಂಗದ ರೇಸ್ ನಡೆಯತ್ತೆ, ರೂಮ್ ಬೇಗ ಖಾಲಿ ಆಗತ್ತೆ. ಈಗ್ಲೇ ಗ್ರೂಪ್ ರೇಟಲ್ಲಿ ರೂಮ್ ಹಿಡಿದಿಡಿ, ಆದ್ರೆ ಕಾಂಟ್ರಾಕ್ಟಲ್ಲಿ ಎರಡು ಸಾಲು ಓದಿ: ಯಾವ ತಾರೀಖಿನ ತನಕ ಬಳಸದ ರೂಮ್ ದಂಡ ಇಲ್ದೆ ವಾಪಸ್ ಕೊಡ್ಬಹುದು, ಅದಾದ್ಮೇಲೆ ಎಷ್ಟು ಕಟ್ಬೇಕು. ಆ ತಾರೀಖಿಗೆ ಎರಡು ವಾರ ಮುಂಚಿನ ದಿನವನ್ನ ಉತ್ತರ ಕೊಡೋ ಕೊನೇ ದಿನ ಅಂತ ಕಾರ್ಡಲ್ಲಿ ಹಾಕಿ. ಈ ಎರಡು ವಾರ ಉತ್ತರ ಕೊಡದೇ ಇರೋರಿಗೆ ಫೋನ್ ಮಾಡೋಕೆ, ಯಾಕಂದ್ರೆ ನಾಲ್ಕರಲ್ಲಿ ಒಬ್ಬರು ಕೊಟ್ಟಿರಲ್ಲ ನೋಡಿ ಬೇಕಾದ್ರೆ. ಮದುವೆ ಶನಿವಾರ ಆದ್ರೆ ಭಾನುವಾರ ನಾರ್ವೇಲಿ ಬಹುತೇಕ ಅಂಗಡಿ ಮುಚ್ಚಿರತ್ತೆ ಅಂತ ಒಂದು ಸಾಲು ಸೇರಿಸಿ, ಶಾಪಿಂಗ್ ಆಮೇಲೆ ಮಾಡಣ ಅಂತ ಕೂತ್ಕೊಳೋರಿಗೆ.

ನೀವು ಕೇಳಿಲ್ಲ ಆದ್ರೆ ಹೇಳ್ಬೇಕು, ಅಲ್ಲೇ ಕಾನೂನು ಪ್ರಕಾರ ಮದುವೆ ಆಗ್ತೀರಾ ಅಥವಾ ಮುಂಚೆ ರಿಜಿಸ್ಟರ್ ಮಾಡ್ಕೊಂಡು ಅಲ್ಲಿ ಶಾಸ್ತ್ರ ಮಾತ್ರನಾ? ಅಲ್ಲೇ ಆದ್ರೆ ನಾರ್ವೆಯ ತೆರಿಗೆ ಇಲಾಖೆಯಿಂದ ಮದುವೆಗೆ ಅಡ್ಡಿ ಇಲ್ಲ ಅನ್ನೋ ಸರ್ಟಿಫಿಕೇಟ್ ಬೇಕು (ಹೌದು, ತೆರಿಗೆ ಇಲಾಖೆನೇ, ಜನರ ರಿಜಿಸ್ಟರ್ ಅವರ ಕೈಲಿರೋದು), ಅದರ ಆಯಸ್ಸು 4 ತಿಂಗಳು, ಅಂದ್ರೆ ಅಕ್ಟೋಬರ್ ಮಧ್ಯಕ್ಕೆ ಮುಂಚೆ ಸಿಕ್ಕಿದ್ರೆ ಉಪಯೋಗಕ್ಕೆ ಬರಲ್ಲ, ತುಂಬ ತಡವಾದ್ರೂ ಎದೆ ಢವಢವ. ಈ ಗೊಂದಲ ಬೇಡ ಅಂತ ಬಹಳ ಜೋಡಿಗಳು ಮುಂಚೆನೇ ರಿಜಿಸ್ಟರ್ ಮಾಡ್ಕೋತಾರೆ, ತಪ್ಪೇನಿಲ್ಲ, ಆದ್ರೆ ಗೆಸ್ಟ್‌ಗಳಿಗೆ ಹೇಳಿಬಿಡಿ. ಅಷ್ಟು ದೂರ ಬಂದು ಆಮೇಲೆ ಇವರ ಮದುವೆ ಆಗ್ಲೇ ಆಗಿತ್ತಂತೆ ಅಂತ ಬೇರೆಯೋರಿಂದ ಕೇಳಿದ್ರೆ ಬೇಜಾರಾಗತ್ತೆ.

ಅಜ್ಜಿ. 82 ಅಂತ ನೀವೇ ಬೇಡ ಅಂದುಬಿಡ್ಬೇಡಿ, ಡಾಕ್ಟರ್ ಹೇಳ್ಲಿ ಬೇಕಾದ್ರೆ. ಅವರು ಹೂಂ ಅಂದ್ರೆ ಅಜ್ಜಿಗೆ ಏರ್‌ಲೈನಲ್ಲಿ ವೀಲ್‌ಚೇರ್ ಅಸಿಸ್ಟೆನ್ಸ್ ಬುಕಿಂಗ್ ಟೈಮಲ್ಲೇ ಹಾಕ್ಸಿ, 48 ಗಂಟೆ ಮುಂಚೆನಾದ್ರೂ ತಿಳಿಸಿರ್ಬೇಕು, ದಾರೀಲಿ ಒಂದು ರಾತ್ರಿ ಓಸ್ಲೋದಲ್ಲಿ ಮಲಗಿಸಿ ಮಾರನೇ ದಿನ ಹೊರಡಿಸಿ, ಟ್ರೊಮ್ಸೊದಲ್ಲಿ ಊಟದ ಹಾಲ್ ಯಾವ ಹೋಟೆಲಲ್ಲಿದೆಯೋ ಅದೇ ಹೋಟೆಲಲ್ಲಿ ಲಿಫ್ಟ್ ಹತ್ರದ ರೂಮ್, ಮತ್ತೆ ಜೊತೆಗೆ ಒಬ್ಬರು. ಈ ಒಬ್ಬರು ಯಾರು ಅಂತ ಈಗ್ಲೇ ಹೆಸರು ಹೇಳಿ ನೇಮಿಸಿ, ಎಲ್ರೂ ನೋಡ್ಕೋತಾರೆ ಅಂದ್ರೆ ಯಾರೂ ನೋಡ್ಕೊಳಲ್ಲ. ಹೊರಗಿನ ಫೋಟೋಗೆ ಅಜ್ಜಿನ ಕೊನೇಗೆ ಕರೀರಿ, ಒಂದೇ ಫೋಟೋ, ಬಾಗಿಲ ಎದುರೇ. ಮತ್ತೆ ಆ ಮುಳ್ಳಿನ ಪಟ್ಟಿ ಅವರಿಗೆ ಬಗ್ಗಿ ಹಾಕ್ಕೊಳೋಕೆ ಆಗಲ್ಲ, ನೀವು ಯಾರಾದ್ರೂ ಹಾಕಿ ಬಿಚ್ಚಬೇಕು, ಬೂಟ್ಸ್ ದೊಡ್ಡದಿದ್ರೆ ಅದು ಅರ್ಧ ದಾರೀಲಿ ಕಳಚ್ಕೊಳತ್ತೆ, ಹಾಗಾಗಿ ಫಾರಂ ಕಳಿಸುವಾಗ ಅಜ್ಜಿ ಶೂ ಸೈಜ್ ಫೋನಲ್ಲಿ ಕೇಳ್ಬೇಡಿ, ನೀವೇ ಹೋಗಿ ಕಾಲು ಅಳ್ಕೊಂಡು ಬನ್ನಿ.